ಎಡಗಂಕುಳ ಲೆಕ್ಕ

ವೇಮಗಲ್ಲಿನ ನಮ್ಮ ಶೆಡ್ಡು
ಬೆಳಗ್ಗೆ ಒಂಬತ್ತಕ್ಕೇ ತಗಡು ಕಾಯಿಸಿಕೊಂಡು ಕೂತಿರುತ್ತದೆ.
ನನ್ನ ಕೆಲಸ, ಕೇಳಿದವರಿಗೆ ಹೇಳಲು ನಾಚಿಕೆ,
ಬೆವರಿಗೆ ಬೀಗ ಮಾಡುವುದು.
ಅತ್ತೆ ನೆಂಟರಿಗೆ ಹೇಳುತ್ತಾರೆ: "ಸೆಂಟು ಕಂಪನಿ."

ಎರಡು ಪಾತ್ರೆ. ಒಂದರಲ್ಲಿ ಎಣ್ಣೆ, ಮೇಣ,
ಇನ್ನೊಂದರಲ್ಲಿ ನೀರು.
ಎರಡೂ ಎಪ್ಪತ್ತೈದು ಡಿಗ್ರಿಗೆ ಬಂದಾಗ
ಒಂದರೊಳಗೊಂದು ಸುರಿದು ಗರಗರ ತಿರುಗಿಸಿದರೆ
ಬೆಳ್ಳಗಾಗುತ್ತದೆ.
ಇಲ್ಲಿಯವರೆಗೆ ಯಾರಾದರೂ ಮಾಡಬಹುದು.
ಆಮೇಲೆ ಬರುತ್ತಾನೆ ಅಲ್ಯುಮಿನಿಯಂ ಉಪ್ಪು,
ಕ್ಷೌರದಂಗಡಿಯ ಪಟಿಕದ ಓದಿಕೊಂಡ ತಮ್ಮ,
ಹುಳಿ ಮೋರೆಯವನು.
ಅವನಿಲ್ಲದೆ ಬೆವರು ನಿಲ್ಲದು,
ಅವನು ಬಂದರೆ ಬೆಳ್ಳಗಿದ್ದದ್ದು ಒಡೆಯುತ್ತದೆ.

ಬಿಸಿಯಿದ್ದಾಗ ಬೇಡ, ನಲವತ್ತಕ್ಕಿಳಿಯಲಿ,
ನೂಲಿನ ಹಾಗೆ ಬಿಡು ಮಾರಾಯ,
ಎಂದು ಕೆಟಲ್ ನೋಡುವ ಬ್ಯಾಟಪ್ಪನಿಗೆ ಎಷ್ಟು ಹೇಳಿದರೂ
ಅವನ ಕಣ್ಣು ಮೂರೂವರೆ ಬಸ್ಸಿನ ಮೇಲೆ.

ಹದಿನಾರು ಬ್ಯಾಚು ಹಾಗೆ ಹೋದವು.
ಒಂದು ರಾತ್ರೋರಾತ್ರಿ ಕೆನೆ ಮೇಲೆ, ನೀರು ಕೆಳಗೆ.
ಒಂದು, ನಲವತ್ತೈದರ ಓವನ್ನಿನಲ್ಲಿ
ಹತ್ತು ವಾರ ಗಂಭೀರವಾಗಿ ನಿಂತಿದ್ದು
ಹನ್ನೊಂದನೆಯ ವಾರ
ಬಾಟಲಿಯ ಬುಡದಲ್ಲಿ ಒಂದು ಬೆರಳು ನೀರು ತೋರಿಸಿತು.

ಸಾಹುಕಾರರು ಫೋನಿನಲ್ಲಿ: "ಮಲ್ಲಿಗೆ ಸಾಲದು, ಜಾಸ್ತಿ ಮಾಡಿ."
ಮಲ್ಲಿಗೆಯೇ ಸ್ವಾಮಿ ಮನೆ ಒಡೆಯುತ್ತಿರುವುದು,
ಅರ್ಧ ಪರ್ಸೆಂಟು ಹೆಚ್ಚಿನ ಸುವಾಸನೆ
ಇಡೀ ಸಂಸಾರದ ಹೊಲಿಗೆ ಸಡಿಲ ಮಾಡುತ್ತದೆ,
ಎನ್ನಲಿಲ್ಲ.
"ನೋಡ್ತೀನಿ ಸರ್" ಅಂದೆ.

ಹದಿನೇಳನೆಯದು ನಿಂತಿತು.
ಮಲ್ಲಿಗೆ ಇಳಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

ನಿಂತರೆ ಸಾಲದಲ್ಲ, ಬೆವರು ತಡೆಯಬೇಕು;
ಅದಕ್ಕೆ ಬೆವರುವವರು ಬೇಕು.
ಕೋಲಾರದ ಮಂಡಿಯಲ್ಲಿ ಟೊಮೇಟೊ ಆಯುವ
ಮುನಿರತ್ನಮ್ಮ ಬಂದಳು, ಜೊತೆಗೆ ಹನ್ನೊಂದು ಜನ,
ದಿನಕ್ಕೆ ಆರುನೂರು, ಕಾಫಿ ಬೇರೆ.
"ಹದಿನೇಳು ದಿನ ಕಂಕುಳಿಗೆ ಏನೂ ಹಚ್ಚಬಾರದಮ್ಮ."
ಪಕ್ಕದವಳಿಗೆ ತೆಲುಗಿನಲ್ಲಿ ಏನೋ ಹೇಳಿ ನಕ್ಕಳು,
ನನ್ನ ಕಡೆ ತಿರುಗಿ ಮತ್ತೆ ನಕ್ಕಳು:
"ನಲವತ್ತಾರು ವರ್ಷದಿಂದ ಹಚ್ಚಿಲ್ಲ ಮೇಡಂ,
ಇನ್ನು ಹದಿನೇಳು ದಿನ ತಡೀತೀನಿ ಬಿಡಿ."

ಎಡಕ್ಕೆ ನಮ್ಮದು ಹಚ್ಚಿ, ಬಲವನ್ನು ಹಾಗೇ ಬಿಟ್ಟು
ಮೂವತ್ತೆಂಟು ಡಿಗ್ರಿಯ ಕೋಣೆಯಲ್ಲಿ ಕೂರಿಸಿದೆವು,
ಎರಡೂ ಕಡೆ ತೂಗಿಟ್ಟ ಹತ್ತಿ.
"ಇಷ್ಟೇನಾ ಸೆಕೆ?" ಗಾಜಿನಾಚೆಯಿಂದ ಕೇಳಿದಳು.
ಕೂತು ಬೆವರಲು ಅವಳಿಗೆ ಬರುತ್ತಿರಲಿಲ್ಲ.
ಕೈ ತಾನಾಗಿ ಇಲ್ಲದ ಕ್ರೇಟಿಗೆ ಹೋಗಿ
ಇಲ್ಲದ ಕಾಯಿ, ಇಲ್ಲದ ಹಣ್ಣು ಬೇರೆ ಮಾಡುತ್ತಿತ್ತು.
"ಅಲ್ಲಾಡಬೇಡಿ" ಎಂದೆ ಮೈಕಿನಲ್ಲಿ.

ಎಂಬತ್ತು ನಿಮಿಷ. ಹತ್ತಿ ತೆಗೆದು ತಕ್ಕಡಿಗಿಟ್ಟೆ.
ಬಲ: ಸೊನ್ನೆ ಪಾಯಿಂಟ್ ಏಳು ಮೂರು ಒಂದು.
ಎಡ: ಸೊನ್ನೆ ಪಾಯಿಂಟ್ ನಾಲ್ಕು ಸೊನ್ನೆ ಎರಡು.
ಮುನಿರತ್ನಮ್ಮ ನನ್ನ ಹೆಗಲ ಮೇಲಿಂದ ಇಣುಕಿ,
"ಮಂಡೀಲಿ ಹದಿನೈದು ಕೇಜಿ ಕ್ರೇಟಿಗೇ ಒಂದು ಕೇಜಿ ಆಚೀಚೆ.
ನನ್ನ ಬೆವರಿಗೆ ಇಷ್ಟು ನಾಜೂಕು ತಕ್ಕಡಿಯಾ!"
ಸ್ವಲ್ಪ ಹೊತ್ತು ಬಿಟ್ಟು,
"ಹಂಗಾದ್ರೆ ಎಡಗೈ ಗೇಯಲೇ ಇಲ್ಲ ಅಂತಾನಾ?"

ಅದಕ್ಕೆ ನನ್ನ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ.
ಕಡಿತ ನಲವತ್ತೈದು ಪರ್ಸೆಂಟು, ಎಂದು ಬರೆದು ಸಹಿ ಹಾಕಿದೆ.

ಗೇಟಿನಾಚೆ ಕೆರೆ ತುಂಬಿತ್ತು.
ಬೆಂಗಳೂರು ಮಿಂದ ನೀರನ್ನು ಸೋಸಿ
ಕೊಳವೆಯಲ್ಲಿ ನಮ್ಮ ಕಡೆಗೆ ಕಳಿಸುತ್ತಾರೆ;
ನಾವು ಬಾಟಲಿ ತುಂಬಿ ಅವರ ಕಡೆಗೆ.
ಹಚ್ಚಿದ್ದು ತೊಳೆದುಕೊಂಡು ಮತ್ತೆ ಇಲ್ಲಿಗೇ ಬರುತ್ತದೇನೋ,
ಸೋಸಿದವರಿಗೆ ಗೊತ್ತು.

ಹೋಗುವಾಗ ಒಂದು ಸ್ಯಾಂಪಲ್ ಕೇಳಿದಳು, ಮಗಳಿಗೆ.
ಮುಚ್ಚಳ ತೆಗೆದಳು, ಮೂಸಿದಳು,
ಹಣ್ಣು ಆಯುವ ಅದೇ ಮುಖ.
"ಎಲ್ಲಾ ಸರಿ ಮೇಡಂ. ಮಲ್ಲಿಗೆ ಸಾಲದು."

ಬ್ಯಾಟಪ್ಪನನ್ನು ಕರೆದು
ಕೆಟಲು ತೊಳೆಯಲು ಹೇಳಿದೆ.